ಹೊಯ್ಸಳದ ತಲೆ ಮೇಲಿನ ದೀಪ ಯಾರಿಗೆ, ಏನು ಹೇಳಬೇಕು?

ರಾತ್ರಿ ಹನ್ನೊಂದರ ಮೇಲೆ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲೋ ತುಮಕೂರು ರಸ್ತೆಯಲ್ಲೋ ಗಾಡಿ ಓಡಿಸುವವರಿಗೆ ನಾಕಾಬಂದಿ ಹೊಸದಲ್ಲ. ದೂರದಿಂದಲೇ ಕೆಂಪು-ನೀಲಿ ಮಿಂಚು ಕಾಣುತ್ತದೆ. ಪೊಲೀಸರಿದ್ದಾರೆ ಅಂತ ವೇಗ ತಗ್ಗಿಸುತ್ತೀರಿ. ಅಲ್ಲಿಯವರೆಗೆ ದೀಪ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಫಜೀತಿ ಶುರುವಾಗುವುದು ಐವತ್ತು ಮೀಟರ್ ಹತ್ತಿರ ಬಂದ ಮೇಲೆ. ಬ್ಯಾರಿಕೇಡ್ ಎಲ್ಲಿ ಮುಗಿಯುತ್ತದೆ, ಪೊಲೀಸರ ಗಸ್ತು ಗಾಡಿ ಹೊಯ್ಸಳ ಎಡಕ್ಕೆ ನಿಂತಿದೆಯೋ ರಸ್ತೆ ನಡುವೆ ನಿಂತಿದೆಯೋ, ಕೈ ಅಡ್ಡ ಹಿಡಿದ ಕಾನ್‌ಸ್ಟೇಬಲ್ ಎಲ್ಲಿದ್ದಾರೆ, ಒಂದೂ ನೆಟ್ಟಗೆ ಕಾಣುವುದಿಲ್ಲ. ದೀಪದ ಹೊಡೆತಕ್ಕೆ ಕಣ್ಣು ಕಿರಿದಾಗಿ, ಅದರ ಸುತ್ತಮುತ್ತಲಿನದೆಲ್ಲ ಕತ್ತಲೆಗೆ ಸೇರಿಬಿಟ್ಟಿರುತ್ತದೆ. ಕಾನ್‌ಸ್ಟೇಬಲ್ ತೊಟ್ಟ ಹೊಳೆಯುವ ಜಾಕೆಟ್ ಕೂಡ ಆ ಮಿಂಚಿನ ಪಕ್ಕದಲ್ಲಿ ಮಂಕು.

ಗಾಡಿ ಕಾಣಲಿ ಅಂತ ಹಾಕಿದ ದೀಪ ಗಾಡಿಯ ಪಕ್ಕದಲ್ಲಿ ನಿಂತ ಮನುಷ್ಯನನ್ನೇ ಮರೆಮಾಡುತ್ತಿದೆ. ಪೊಲೀಸ್ ವಾಹನಕ್ಕೆ ಎಂಥ ದೀಪ ಬೇಕು ಅನ್ನುವ ಚರ್ಚೆ ಇಲ್ಲಿಂದ ಶುರುವಾಗಬೇಕು. ಆದರೆ ಟೆಂಡರ್‌ನಲ್ಲಿ ಬರೆಯಲು ಸುಲಭವಾದ ಪ್ರಶ್ನೆಗಳೇ ಬೇರೆ: ಬಾರ್ (ಗಾಡಿಯ ನೆತ್ತಿಯ ಮೇಲಿನ ದೀಪದ ಪಟ್ಟಿ) ಎಷ್ಟು ಉದ್ದ, ಎಷ್ಟು ಎಲ್‌ಇಡಿ, ಎಷ್ಟು ವ್ಯಾಟ್. ನನ್ನ ಕೇಳಿಕೆ ಇಷ್ಟು. ಬಾರ್ ಎಷ್ಟು ಬೆಳಗುತ್ತದೆ ಎಂದು ಕೇಳುವ ಮೊದಲು, ಅದು ಎಷ್ಟು ಬಗೆಯ ಮಾತು ಆಡಬಲ್ಲದು ಎಂದು ಕೇಳಿ. ‘ದಾರಿ ಬಿಡಿ’ ಎನ್ನುವುದು ಒಂದು ಮಾತು. ‘ನಾನು ನಿಂತಿದ್ದೇನೆ, ಪಕ್ಕಕ್ಕೆ ಸರಿದು ಹೋಗಿ’ ಎನ್ನುವುದು ಇನ್ನೊಂದು. ‘ಇಲ್ಲಿ ಪೊಲೀಸರಿದ್ದಾರೆ, ಬೇಕಾದರೆ ಬನ್ನಿ’ ಎನ್ನುವುದು ಮೂರನೆಯದು. ನಮ್ಮ ಬಹುಪಾಲು ಗಾಡಿಗಳು ಮೂರಕ್ಕೂ ಒಂದೇ ದೀಪವನ್ನು ಒಂದೇ ಜೋರಿನಲ್ಲಿ ಮಿನುಗಿಸುತ್ತವೆ.

ಮೊದಲು ಕಾನೂನು ನೋಡಿಬಿಡೋಣ. ಬಣ್ಣದ ಆಯ್ಕೆ ಪೂರ್ತಿ ಇಲಾಖೆಯ ಕೈಯಲ್ಲಿಲ್ಲ. ವಾಹನದ ಮೇಲಿನ ದೀಪದ ಬಗ್ಗೆ ನಮ್ಮ ದೇಶದಲ್ಲಿ ನಡೆದ ಜಗಳವೆಲ್ಲ ಬಹುಕಾಲ ಗೂಟದ ಕಾರಿನ ಸುತ್ತಲೇ ಇತ್ತು. ಯಾರಿಗೆ ಗೂಟ ಸಿಕ್ಕಿತು, ಯಾರಿಗೆ ತಪ್ಪಿತು ಅನ್ನುವುದೇ ಸುದ್ದಿ. 2013ರ ಡಿಸೆಂಬರ್ 10ರಂದು ಅಭಯ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೆಂಪು ದೀಪವನ್ನು ಉನ್ನತ ಹುದ್ದೆಯ ಕೆಲವರಿಗೆ ಮಾತ್ರ ಎಂದು ಸೀಮಿತಗೊಳಿಸಿತು. ಆಂಬುಲೆನ್ಸ್, ಅಗ್ನಿಶಾಮಕ ವಾಹನ, ಕಾನೂನು ಸುವ್ಯವಸ್ಥೆಗೆ ಓಡುವ ಪೊಲೀಸ್ ವಾಹನಗಳು ನೀಲಿ, ಬಿಳಿ ಅಥವಾ ಬಹುವರ್ಣದ ದೀಪ ಬಳಸಲಿ ಎಂದಿತು. 2017ರ ಏಪ್ರಿಲ್ 19ಕ್ಕೆ ಕೇಂದ್ರ ಸಂಪುಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದೇ ಮೇ 1ರಿಂದ ಯಾವ ಗಣ್ಯರ ಕಾರಿಗೂ ಗೂಟ ಇಲ್ಲ. ಪ್ರಧಾನಿಯ ಕಾರಿಗೂ ಇಲ್ಲ.

ಆಗ ತಿದ್ದುಪಡಿಯಾದದ್ದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 108ನೇ ನಿಯಮ. ಬೆಂಕಿ ಆರಿಸುವ ಕೆಲಸ, ಕಾನೂನು ಸುವ್ಯವಸ್ಥೆ, ಪ್ರಕೃತಿ ವಿಕೋಪ ಮತ್ತು ಇತರ ದುರಂತಗಳ ನಿರ್ವಹಣೆ, ಇವಕ್ಕೆಂದು ಗೊತ್ತುಪಡಿಸಿದ ವಾಹನಗಳ ನೆತ್ತಿಯ ಮುಂಭಾಗದಲ್ಲಿ ಕೆಂಪು, ನೀಲಿ, ಬಿಳಿ ಸೇರಿದ ಬಹುವರ್ಣದ ದೀಪ ಹಾಕಬಹುದು. ಜತೆಗೆ ಇನ್ನೊಂದು ಸಾಲಿದೆ. ಬಹಳ ಜನ ಅದನ್ನು ಓದಿಯೇ ಇಲ್ಲವೇನೋ ಅನಿಸುತ್ತದೆ: ಆ ಕರ್ತವ್ಯದ ಮೇಲೆ ಇಲ್ಲದಾಗ ದೀಪ ಉರಿಸುವಂತಿಲ್ಲ. (ಇದೇ ನಿಯಮದ ಹಳೆಯ ಪಾಠದಲ್ಲಿ ಆಂಬುಲೆನ್ಸ್‌ಗೆ ನೇರಳೆ ಗಾಜಿನೊಳಗೆ ಮಿನುಗುವ ಕೆಂಪು ದೀಪ ಅಂತ ಬರೆದಿತ್ತು. ಬರೆದವರು ಒಂದು ಸಲ ಉರಿಸಿ ನೋಡಿದ್ದರೋ ಇಲ್ಲವೋ!)

ನಿಯಮ ಹೇಳುವುದು ಯಾರು, ಯಾವಾಗ, ಯಾವ ಬಣ್ಣ ಎಂದು. ರಾತ್ರಿ ಎಷ್ಟು ಜೋರು, ನಿಂತಾಗ ಹೇಗೆ, ಸೆಕೆಂಡಿಗೆ ಎಷ್ಟು ಸಲ ಮಿನುಗಬೇಕು ಎಂಬುದನ್ನೆಲ್ಲ ಖರೀದಿ ಮಾಡುವವರೇ ಯೋಚಿಸಬೇಕು. ಅಲ್ಲಿಗೆ ಮಾತು ಕಣ್ಣಿನ ವಿಷಯಕ್ಕೆ ಬರುತ್ತದೆ.

ಹಗಲಲ್ಲಿ ನಮ್ಮ ಕಣ್ಣಿಗೆ ಅತಿ ಚೆನ್ನಾಗಿ ಕಾಣುವುದು ಹಸಿರು-ಹಳದಿ ನಡುವಿನ ಬೆಳಕು, ಸುಮಾರು 555 ನ್ಯಾನೋಮೀಟರ್ ತರಂಗದ್ದು. ಕತ್ತಲಾದಂತೆ ಈ ಶಿಖರ ನೀಲಿಯ ಕಡೆಗೆ, ಸುಮಾರು 507ಕ್ಕೆ ಜಾರುತ್ತದೆ. 19ನೇ ಶತಮಾನದಲ್ಲಿ ಇದನ್ನು ಗಮನಿಸಿದ ಚೆಕ್ ವಿಜ್ಞಾನಿ ಪುರ್ಕಿನ್ಯೆಯ ಹೆಸರೇ ಈ ಬದಲಾವಣೆಗೆ ಇದೆ. ನೋಡಬೇಕೆಂದರೆ ಪ್ರಯೋಗಾಲಯ ಬೇಡ. ಮುಸ್ಸಂಜೆ ಹೊತ್ತು ಹಿತ್ತಲಿಗೆ ಹೋಗಿ. ಮಧ್ಯಾಹ್ನ ಉರಿಯುತ್ತಿದ್ದ ಕೆಂಪು ದಾಸವಾಳ ಕಪ್ಪಗಾಗಿರುತ್ತದೆ, ಎಲೆಗಳು ಮಾತ್ರ ಇನ್ನೂ ಕಾಣುತ್ತಿರುತ್ತವೆ. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಕೆಂಪು ಸೋಲುತ್ತದೆ, ನೀಲಿ ಗೆಲ್ಲುತ್ತದೆ.

ಹಾಗಾದರೆ ಹಳೆಯ ಜೀಪುಗಳ ನೀಲಿ ದೀಪ ಯಾಕೆ ಅಷ್ಟು ಸಪ್ಪೆಯಾಗಿ ಕಾಣುತ್ತಿತ್ತು? ಅದು ಬಲ್ಬಿನ ದೋಷ. ಹ್ಯಾಲೊಜನ್ ಬಲ್ಬಿನ ಬೆಳಕಲ್ಲಿ ನೀಲಿ ಅಂಶವೇ ಕಡಿಮೆ. ಅದರ ಮೇಲೆ ನೀಲಿ ಗಾಜು ಮುಚ್ಚಿದರೆ ಬಹುಪಾಲು ಬೆಳಕು ಗಾಜಿನಲ್ಲೇ ಸತ್ತುಹೋಗುತ್ತದೆ. ಕೆಂಪು ಗಾಜಿನಿಂದ ಅದಕ್ಕಿಂತ ಎಷ್ಟೋ ಜಾಸ್ತಿ ಹೊರಬರುತ್ತದೆ. ಎಲ್‌ಇಡಿ ಬಂದಮೇಲೆ ಲೆಕ್ಕ ತಲೆಕೆಳಗಾಯಿತು. ನೀಲಿ ಎಲ್‌ಇಡಿ ನೀಲಿಯನ್ನೇ ಹುಟ್ಟಿಸುತ್ತದೆ, ಸೋಸುವ ಗಾಜು ಬೇಕಿಲ್ಲ. ನಿನ್ನೆಯವರೆಗೆ ದುರ್ಬಲವಾಗಿದ್ದ ಬಣ್ಣ ಇವತ್ತು ರಾತ್ರಿ ಎಲ್ಲಕ್ಕಿಂತ ಹೆಚ್ಚು ಕಣ್ಣು ಕುಕ್ಕುವ ಬಣ್ಣ. ದೀಪ ಬದಲಾಯಿತು, ‘ಇನ್ನೂ ಸ್ವಲ್ಪ ಜೋರಾಗಿರಲಿ’ ಅನ್ನುವ ಹಳೆಯ ಅಭ್ಯಾಸ ಬದಲಾಗಲಿಲ್ಲ.

ಜಗತ್ತಿನ ಅರ್ಧ ಭಾಗ ನೀಲಿಗೆ ಅಂಟಿಕೊಂಡಿರುವುದಕ್ಕೆ ಕಾರಣವೂ ಸ್ವಾರಸ್ಯದ್ದು. 1930ರ ದಶಕದ ಕೊನೆಯಲ್ಲಿ ಜರ್ಮನಿ ತುರ್ತು ವಾಹನಗಳಿಗೆ ನೀಲಿ ಆರಿಸಿಕೊಂಡಾಗ ಅದರ ತಲೆಯಲ್ಲಿದ್ದದ್ದು ವಾಯುದಾಳಿ. ಮೇಲೆ ಹಾರುವ ವಿಮಾನಕ್ಕೆ ಕಾಣಬಾರದು ಎಂದು ಆರಿಸಿದ ಬಣ್ಣ, ಈಗ ರಸ್ತೆಯಲ್ಲಿ ಎಲ್ಲರಿಗೂ ಕಾಣಲಿ ಎಂದು ಬಳಕೆಯಲ್ಲಿದೆ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಾರಿಗೆ ಸಂಶೋಧನಾ ಸಂಸ್ಥೆ 2008ರಲ್ಲಿ ಬಣ್ಣ ಮತ್ತು ಪ್ರಖರತೆ ಎರಡನ್ನೂ ಇಟ್ಟುಕೊಂಡು ಒಂದು ಅಧ್ಯಯನ ಪ್ರಕಟಿಸಿತು. ಜನ ಅದರಿಂದ ಎತ್ತಿಕೊಂಡದ್ದು ‘ನೀಲಿ ಒಳ್ಳೆಯದು’ ಎಂಬ ಒಂದು ಮಾತು. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಇನ್ನೊಂದು. ಹಗಲಲ್ಲಿ ದೀಪದ ಜೋರು ಹೆಚ್ಚಿಸಿದಷ್ಟೂ ಬೇಗ ಕಣ್ಣಿಗೆ ಬೀಳುತ್ತದೆ. ರಾತ್ರಿ ಹೆಚ್ಚಿಸಿದರೆ ಸಿಗುವ ಲಾಭ ಅತ್ಯಲ್ಪ. ಕತ್ತಲಲ್ಲಿ ದೀಪ ಹೇಗೂ ಕಾಣುತ್ತದೆ. ಹಾಗಾಗಿ ಹಗಲಿಗೊಂದು ಮಟ್ಟ, ರಾತ್ರಿಗೊಂದು ಮಟ್ಟ ಇರಲಿ ಎಂದು ಆ ಅಧ್ಯಯನ ಹೇಳಿತು. ಮಧ್ಯಾಹ್ನದ ಬಿಸಿಲಿಗೆ ಎದುರಾಗಿ ಕಾಣಬೇಕಾದ ಬಾರ್ ಅಷ್ಟೇ ಶಕ್ತಿಯಲ್ಲಿ ನಡುರಾತ್ರಿಯೂ ಉರಿದರೆ, ಮಿಕ್ಕಿದ ಬೆಳಕೆಲ್ಲ ಎದುರಿನವರ ಕಣ್ಣಿಗೆ ಹೊಡೆತ ಅಷ್ಟೇ.

ಇದರಲ್ಲೊಂದು ತಮಾಷೆಯೂ ಇದೆ. 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕೋರೈಸುವ ಎಲ್‌ಇಡಿ ಹೆಡ್‌ಲೈಟ್‌ಗಳ ವಿರುದ್ಧ ವಿಶೇಷ ಕಾರ್ಯಾಚರಣೆ ಶುರುಮಾಡಿದರು. ಲಾರಿ, ಬಸ್ಸು, ಕಾರು ಎನ್ನದೆ ಸಾವಿರಾರು ಕೇಸು ಬಿದ್ದವು. ಒಳ್ಳೆಯ ಕೆಲಸವೇ. ಆದರೆ ಎದುರಿನವರ ಕಣ್ಣು ಕುರುಡಾಗಬಾರದು ಅನ್ನುವ ತರ್ಕ ಹೆಡ್‌ಲೈಟಿಗೆ ಒಪ್ಪುವುದಾದರೆ ನೆತ್ತಿಯ ಮೇಲಿನ ಬಾರ್‌ಗೂ ಒಪ್ಪಬೇಕು, ಅಲ್ವಾ?

ಪರಿಹಾರ ದುಬಾರಿಯೂ ಅಲ್ಲ. ಬೆಳಕು ಗ್ರಹಿಸುವ ಒಂದು ಸಣ್ಣ ಸೆನ್ಸರ್ ಇದ್ದರೆ ಸಂಜೆಯಾದಾಗ ಬಾರ್ ತಾನಾಗಿ ತಗ್ಗುತ್ತದೆ. ಕೈಯಿಂದ ಒತ್ತುವ ‘ನೈಟ್’ ಬಟನ್ ಸಾಲದು. ಗಲಾಟೆ ಕರೆ ಬಂದು ಗಾಡಿ ತಿರುಗಿಸುವ ಡ್ರೈವರ್‌ಗೆ ಆ ಬಟನ್ ನೆನಪಾಗಬೇಕು ಎಂದು ನಿರೀಕ್ಷಿಸುವುದೇ ತಪ್ಪು. ತಗ್ಗುವುದು ತಾನಾಗಿ ಆಗಲಿ, ಏರಿಸಬೇಕಾದಾಗ ಬಟನ್ ಇರಲಿ.

ಇನ್ನು ಕೆಂಪೋ ನೀಲಿಯೋ ಎಂಬ ಜಗಳ. ನಮ್ಮ ನಿಯಮ ಎರಡನ್ನೂ ಕೊಟ್ಟಿದೆ, ಎರಡನ್ನೂ ಇಟ್ಟುಕೊಳ್ಳುವುದೇ ಜಾಣತನ. ಸಂಜೆ ಏಳಕ್ಕೆ ಸಿಲ್ಕ್ ಬೋರ್ಡ್ ಕಡೆ ನೋಡಿದರೆ ಕಣ್ಣು ಹಾಯುವವರೆಗೆ ಬ್ರೇಕ್ ಲೈಟುಗಳ ಕೆಂಪು. ಅದರ ನಡುವೆ ಇನ್ನೊಂದು ಕೆಂಪು ಯಾರಿಗೆ ಕಾಣಬೇಕು? ಅಲ್ಲಿ ನೀಲಿಯೇ ಬೇಕು. ಹಾಗೆಂದು ನೀಲಿಯೂ ನಮ್ಮಲ್ಲಿ ಪೊಲೀಸರ ಸ್ವಂತ ಆಸ್ತಿಯಾಗಿ ಉಳಿದಿಲ್ಲ. ಟೂರಿಸ್ಟ್ ಬಸ್ಸಿನ ಹಣೆಯ ಮೇಲೆ ನೀಲಿ ಪಟ್ಟಿ, ಆಟೋ ಒಳಗೆ ನೀಲಿ ಬೆಳಕು, ಜಾತ್ರೆಗೆ ಹೊರಟ ಟೆಂಪೋದ ಸುತ್ತ ಓಡುವ ಎಲ್‌ಇಡಿ ಸರ. ಬಣ್ಣ ಒಂದೇ ಸಾಲದು ಅನ್ನುವುದು ಇದಕ್ಕೇ. ಎಡಕ್ಕೆ ಒಂದು ಬಣ್ಣ, ಬಲಕ್ಕೆ ಇನ್ನೊಂದು ಅಂತ ಬೇರೆಯಾಗಿಯೇ ಇರಲಿ. ಒಂದೇ ಜಾಗದಲ್ಲಿ ಕೆಂಪು ನೀಲಿ ಬೇಗ ಬೇಗ ಅದಲುಬದಲಾದರೆ ದೂರಕ್ಕೆ ಅದು ನೇರಳೆ ಮಬ್ಬಾಗಿ ಕಾಣುತ್ತದೆ. ಶೋರೂಮಿನಲ್ಲಿ ಚೆಂದ, ರಸ್ತೆಯಲ್ಲಿ ಗೊಂದಲ.

ನನ್ನ ಲೆಕ್ಕದಲ್ಲಿ ಬಣ್ಣಕ್ಕಿಂತ ದೊಡ್ಡ ವಿಷಯ ಮಿನುಗುವ ರೀತಿ. ಯುರೋಪಿನ ಹಲವು ದೇಶಗಳು ಪಾಲಿಸುವ ವಿಶ್ವಸಂಸ್ಥೆಯ 65ನೇ ನಿಯಮಾವಳಿ ತುರ್ತು ದೀಪ ಸೆಕೆಂಡಿಗೆ 2ರಿಂದ 4 ಸಲ ಮಿನುಗಬೇಕು ಎನ್ನುತ್ತದೆ. ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆಯ ಮಾನದಂಡದಲ್ಲಿ ಇದು 1ರಿಂದ 4. ಅದಕ್ಕಿಂತ ಬೇಗ ಮಿನುಗಿಸಿದರೆ ತುರ್ತು ಹೆಚ್ಚಾಗಿ ಕಾಣುವುದಿಲ್ಲ, ತಲೆನೋವು ಹೆಚ್ಚಾಗುತ್ತದೆ. ಬೆಳಕಿನ ಮಿಡಿತಕ್ಕೆ ಫಿಟ್ಸ್ ಬರುವ ಜನರಿಗೆ ಅಪಾಯ ಶುರುವಾಗುವುದೂ ಸೆಕೆಂಡಿಗೆ ಮೂರರ ಮೇಲೆ. ಆದರೂ ಅಗ್ಗದ ಬಾರ್‌ಗಳ ಡಬ್ಬದ ಮೇಲೆ ‘ಇಪ್ಪತ್ತು ಬಗೆಯ ಪ್ಯಾಟರ್ನ್’ ಎಂದು ಹೆಮ್ಮೆಯಿಂದ ಬರೆದಿರುತ್ತಾರೆ. ಪೊಲೀಸರಿಗೆ ಬೇಕಾಗಿರುವುದು ಮೂರು. ಉಳಿದ ಹದಿನೇಳು ಆರ್ಕೆಸ್ಟ್ರಾಕ್ಕೆ.

ಓಡುವಾಗಿನ ದೀಪಕ್ಕೂ ನಿಂತಾಗಿನ ದೀಪಕ್ಕೂ ಇರುವ ವ್ಯತ್ಯಾಸವನ್ನು ಸ್ವಲ್ಪ ಬಿಡಿಸಿ ನೋಡೋಣ. ಹೊಯ್ಸಳ ನಿಮ್ಮ ಹಿಂದೆ ಬರುತ್ತಿದೆ. ಅದಕ್ಕೆ ದಾರಿ ಬೇಕು. ಆಗ ಬೇಗ ಮಿನುಗುವ, ಕನ್ನಡಿಯಲ್ಲಿ ಥಟ್ಟನೆ ಕಾಣುವ ದೀಪ ಸರಿ, ಬಿಳಿಯೂ ಸೇರಿದ್ದರೆ ಇನ್ನೂ ಸರಿ. ಅದೇ ಗಾಡಿ ಅಪಘಾತದ ಜಾಗದಲ್ಲಿ ರಸ್ತೆಯಂಚಿಗೆ ನಿಂತಿದೆ. ಈಗ ಹಿಂದಿನಿಂದ ಬರುವವನಿಗೆ ಬೇಕಾಗಿರುವುದು ಬೇರೆ ಮಾಹಿತಿ. ಗಾಡಿ ನಿಂತಿದೆಯೋ ಓಡುತ್ತಿದೆಯೋ, ಎಷ್ಟು ದೂರ, ಯಾವ ಪಕ್ಕದಿಂದ ದಾಟಬೇಕು. ಕತ್ತಲಲ್ಲಿ ಬರೀ ಮಿನುಗುವ ದೀಪ ನೋಡಿ ದೂರ ಅಂದಾಜು ಮಾಡುವುದು ಕಷ್ಟ. ಮಿನುಗುಗಳ ನಡುವಿನ ಕತ್ತಲಲ್ಲಿ ಅದು ಕಳೆದುಹೋಗುತ್ತದೆ, ಮತ್ತೆ ಬಂದಾಗ ಹತ್ತಿರ ಬಂತೋ ಇಲ್ಲವೋ ತಿಳಿಯದು. ಆರದೆ ಉರಿಯುವ ಒಂದೆರಡು ಮಂದ ದೀಪ ಜತೆಗಿದ್ದರೆ ಕಣ್ಣಿಗೆ ಹಿಡಿತ ಸಿಗುತ್ತದೆ. ಮಿನುಗು ನಿಧಾನವಾಗಬೇಕು, ಎರಡೂ ಪಕ್ಕ ಒಟ್ಟಿಗೆ ಮಿನುಗಬೇಕು, ಬಿಳಿ ಪೂರ್ತಿ ಆರಬೇಕು.

ಅಮೆರಿಕದ ಅಗ್ನಿಶಾಮಕ ವಾಹನಗಳ ಮಾನದಂಡದಲ್ಲಿ ಈ ಭೇದ ಬಹಳ ಹಿಂದಿನಿಂದಲೂ ಇದೆ. ‘ದಾರಿ ಕೇಳುವಾಗ’ ಒಂದು ವಿಧಾನ, ‘ದಾರಿಗೆ ಅಡ್ಡ ನಿಂತಾಗ’ ಇನ್ನೊಂದು. ಎರಡನೆಯದರಲ್ಲಿ ಬಿಳಿ ಮಿಂಚಿಗೆ ಜಾಗವಿಲ್ಲ. ಅದನ್ನು ಡ್ರೈವರ್ ನೆನಪಿನಿಂದ ಮಾಡಬೇಕಾಗಿಯೂ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದರೆ ಬಾರ್ ನಿಂತ ವಿಧಾನಕ್ಕೆ ಹೋಗುವಂತೆ ವೈರಿಂಗ್ ಮಾಡಬಹುದು. ಹ್ಯಾಂಡ್‌ಬ್ರೇಕ್ ಎಳೆದಾಗ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಗುರುತು ಉರಿಸುವ ಸ್ವಿಚ್ ಎಲ್ಲ ಗಾಡಿಯಲ್ಲೂ ಇದ್ದೇ ಇದೆ. ಅದರ ಸಂಕೇತವನ್ನೇ ಬಾರಿನ ಕಂಟ್ರೋಲರಿಗೂ ಕೊಟ್ಟರೆ ಆಯಿತು. ಈ ಒಂದು ತಂತಿಯಷ್ಟು ಅಗ್ಗದ ಸುಧಾರಣೆ ಇನ್ನೊಂದು ನನಗೆ ಕಾಣುತ್ತಿಲ್ಲ.

ಇದು ಎಲ್ಲಿ ಹೆಚ್ಚು ಮುಖ್ಯ ಅಂದರೆ ಬೆಂಗಳೂರು-ಮೈಸೂರು ಹೆದ್ದಾರಿಯಂಥ ಕಡೆ. 2023ರ ಮಾರ್ಚ್‌ನಲ್ಲಿ ಅದರ ಉದ್ಘಾಟನೆಯಾಯಿತು, ಅದೇ ಆಗಸ್ಟ್‌ನಿಂದ ಮುಖ್ಯ ಪಥಕ್ಕೆ ಬೈಕ್, ಆಟೋ ಬರುವಂತಿಲ್ಲ. ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಮುಂದೆ ಏನೋ ಇದೆ ಎಂದು ಅರ್ಥವಾಗಿ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಎರಡೂವರೆ ಸೆಕೆಂಡ್ ಹಿಡಿದರೆ 70 ಮೀಟರ್ ಹೋಗಿಬಿಟ್ಟಿತು. ಬ್ರೇಕ್ ಹಿಡಿಯುವ ದೂರ ಇನ್ನೂ ಅದರ ಮೇಲೆ. ಇಂಥ ಕಡೆ ದೀಪ ಕಾಣದೆ ಆಗುವ ಅಪಘಾತಕ್ಕಿಂತ, ದೀಪ ಕಂಡೂ ಅದು ನಿಂತಿದೆ ಎಂದು ತಿಳಿಯದೆ ಆಗುವ ಅಪಘಾತದ ಬಗ್ಗೆ ನನಗೆ ಹೆಚ್ಚು ಭಯ. ಹಾಗಾಗಿ ಹೆದ್ದಾರಿ ಗಸ್ತಿನ ಗಾಡಿಗೆ ನಗರದ ಹೊಯ್ಸಳದ ಬಾರನ್ನೇ ಎತ್ತಿ ಕೂರಿಸಿದರೆ ಸಾಲದು. ಹಿಂಬದಿಯ ದೀಪ ಬೇರೆಯೇ ಆಗಬೇಕು. ಡಿಕ್ಕಿಯ ಬಾಗಿಲು ಎತ್ತಿದರೂ ಅದು ಮುಚ್ಚಿಹೋಗದ ಜಾಗದಲ್ಲಿರಬೇಕು. ಬ್ಯಾರಿಕೇಡ್ ತೆಗೆಯಲು ಡಿಕ್ಕಿ ತೆರೆದ ಕೂಡಲೇ ಹಿಂದಿನ ಅರ್ಧ ದೀಪ ಮಾಯವಾಗುವ ಗಾಡಿಗಳಿವೆ.

ಜತೆಗೆ ದೀಪವೇ ಅಲ್ಲದ ಒಂದು ದೀಪವಿದೆ: ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವ ಪಟ್ಟಿ. ಬ್ರಿಟನ್ 1990ರ ದಶಕದಲ್ಲಿ ಪೊಲೀಸ್ ಗಾಡಿಗಳ ಮೈತುಂಬ ನೀಲಿ-ಹಳದಿ ದೊಡ್ಡ ಚೌಕಗಳನ್ನು ಅಂಟಿಸಿತು. ಎಂಜಿನ್ ಆರಿದ್ದರೂ, ಬ್ಯಾಟರಿ ಸತ್ತಿದ್ದರೂ ಅದು ಕೆಲಸ ಮಾಡುತ್ತದೆ. ಗಾಡಿ ಎಷ್ಟು ಅಗಲ, ಯಾವ ಕಡೆ ತಿರುಗಿ ನಿಂತಿದೆ ಎಂಬುದನ್ನೂ ತೋರಿಸುತ್ತದೆ. ಆದರೆ ಪಕ್ಕದಲ್ಲೇ ಬಾರ್ ಪೂರ್ತಿ ಜೋರಿನಲ್ಲಿ ಉರಿಯುತ್ತಿದ್ದರೆ ಅದೂ ಕಾಣುವುದಿಲ್ಲ. ಬಾರನ್ನು ರಾತ್ರಿ ತಗ್ಗಿಸಿ ಎನ್ನಲು ಇದು ಇನ್ನೊಂದು ಕಾರಣ.

ಬಾರ್ ಎಲ್ಲಿ, ಹೇಗೆ ಕೂರುತ್ತದೆ ಎನ್ನುವುದರಲ್ಲೂ ಹಣ ಪೋಲಾಗುತ್ತದೆ. ಎಲ್‌ಇಡಿಯ ಮುಂದಿನ ಲೆನ್ಸ್ ಬೆಳಕನ್ನು ಕಿರಿದಾದ ಪಟ್ಟಿಯಾಗಿ ಎಸೆಯುತ್ತದೆ. ನೇರ ಮುಂದೆ ನಿಂತರೆ ಕಣ್ಣು ಬಿಡಲಾಗದು, ಓರೆಗೆ ಹೋದರೆ ಅರ್ಧಕ್ಕರ್ಧ ಇಲ್ಲ. ಸಿಗ್ನಲ್‌ನಲ್ಲಿ ಅಡ್ಡರಸ್ತೆಯಿಂದ ಬರುವ ಬೈಕಿನವನಿಗೆ ಕಾಣಬೇಕಾದದ್ದೇ ಆ ಓರೆ ಬೆಳಕು. ಬಾರಿನ ನಾಲ್ಕು ಮೂಲೆಗಳಲ್ಲಿ ಓರೆಗೆ ಮುಖ ಮಾಡಿದ ಮಾಡ್ಯೂಲ್ (ಎಲ್‌ಇಡಿಗಳ ಬಿಡಿ ಗುಚ್ಛ) ಇಲ್ಲದಿದ್ದರೆ ಆ ಬಾರ್ ಬೇಡ. ಇನ್ನು ಮೇಲೆ-ಕೆಳಗೆ ಬೆಳಕು ಹರಡುವುದು ಕೆಲವೇ ಡಿಗ್ರಿ. ಹಿಂದೆ ನಾಲ್ಕು ಜನ, ಲಾಠಿ, ಹೆಲ್ಮೆಟ್, ಬ್ಯಾರಿಕೇಡ್ ಹೇರಿಕೊಂಡ ಬೊಲೆರೊ ಹಿಂಭಾರವಾಗಿ ಕೂತರೆ ಬಾರಿನ ಮುಂದಿನ ಬೆಳಕು ಮರದ ತುದಿಗೆ ಹೋಗುತ್ತದೆ. ಖಾಲಿ ಗಾಡಿಯಲ್ಲಿ ಕೂರಿಸಿ ಬಿಲ್ ಪಾಸ್ ಮಾಡಿದರೆ ಇದು ಗೊತ್ತಾಗುವುದೇ ಇಲ್ಲ. ಮುಂದಿರುವ ಸಣ್ಣ ಕಾರಿನ ಒಳಗನ್ನಡಿಗೆ ನೆತ್ತಿಯ ಬಾರ್ ಕಾಣುವುದೂ ಅಪರೂಪ, ಅದಕ್ಕೆ ಗ್ರಿಲ್ ಎತ್ತರದಲ್ಲಿ ಎರಡು ಸಣ್ಣ ದೀಪ ಬೇಕು. ಆದರೆ ಬಿಎಂಟಿಸಿ ಬಸ್ಸುಗಳ ನಡುವೆ ನೆತ್ತಿಯದೂ ಬೇಕು.

ಘಟ್ಟದ ಕಡೆಯ ಠಾಣೆಗಳ ಕಷ್ಟ ಬೇರೆ. ಚಾರ್ಮಾಡಿ, ಶಿರಾಡಿ, ಆಗುಂಬೆಯಲ್ಲಿ ಮಂಜು ಇಳಿದಾಗ ಬಿಳಿ ಮಿಂಚು ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಮಂಜಿಗೆ ಹಳದಿ ಒಳ್ಳೆಯದು, ನೀಲಿ ಚೆದುರಿಹೋಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಮಂಜಿನ ಹನಿ ಬೆಳಕಿನ ತರಂಗಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಅದು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಥರ ಚೆದುರಿಸುತ್ತದೆ. ಅಲ್ಲಿ ಲಾಭ ಆಗುವುದು ಜೋರು ತಗ್ಗಿಸಿ, ಬಿಳಿ ಆರಿಸಿ, ದೀಪವನ್ನು ಡ್ರೈವರ್‌ನ ಕಣ್ಣಿನ ಸಾಲಿನಿಂದ ದೂರ ಇಟ್ಟಾಗ. ಕಲಬುರಗಿ, ರಾಯಚೂರಿನಲ್ಲಿ ಶತ್ರು ಬಿಸಿಲು. ಎಲ್‌ಇಡಿಯ ಆಯಸ್ಸು ಅದರೊಳಗಿನ ಬಿಸಿಯ ಮೇಲೆ ನಿಂತಿದೆ. ಮೇ ತಿಂಗಳಲ್ಲಿ ಕಾದ ಹಂಚಿನಂಥ ತಗಡಿನ ಮೇಲೆ, ಶಾಖ ಹೊರಹಾಕಲು ಅಲ್ಯೂಮಿನಿಯಂ ಬೆನ್ನೇ ಇಲ್ಲದ ಪ್ಲಾಸ್ಟಿಕ್ ಬಾರ್ ಎಷ್ಟು ದಿನ ಬಾಳೀತು? ಮೇಲಿನ ಮುಚ್ಚಳವೂ ಬಿಸಿಲಿಗೆ ಹಳದಿಯಾಗಿ ನೀಲಿ ಬೆಳಕನ್ನು ನುಂಗುತ್ತದೆ. ಮುಚ್ಚಳ ಬಣ್ಣದ್ದಾಗಿರದೆ ಪಾರದರ್ಶಕವಾಗಿರುವುದು ಲೇಸು. ಬಣ್ಣದ ಮುಚ್ಚಳ ಇಳಿಬಿಸಿಲು ಬಿದ್ದಾಗ ಆರಿದ್ದರೂ ಉರಿದಂತೆ ಕಾಣುತ್ತದೆ.

ಬ್ಯಾಟರಿಯ ಲೆಕ್ಕ ಬಿಟ್ಟರೆ ಮಾತು ಪೂರ್ತಿಯಾಗದು. ಹಳೆಯ ತಿರುಗುವ ದೀಪದ ಒಂದು 55 ವ್ಯಾಟ್ ಬಲ್ಬು 12 ವೋಲ್ಟಿನಲ್ಲಿ ನಾಲ್ಕೂವರೆ ಆಂಪಿಯರ್ ಎಳೆಯುತ್ತಿತ್ತು. ಅಂಥವು ನಾಲ್ಕಿದ್ದರೆ ಹದಿನೆಂಟು. ಎಲ್‌ಇಡಿ ಬಾರ್ ಸರಾಸರಿ ಆರು ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಎಂಟು ಗಂಟೆಗೆ 48 ಆಂಪಿಯರ್-ಅವರ್. ಅದರ ಮೇಲೆ ವೈರ್‌ಲೆಸ್ ಸೆಟ್, ಮೊಬೈಲ್ ಚಾರ್ಜರ್‌ಗಳು. 70-80 ಆಂಪಿಯರ್-ಅವರ್ ಬ್ಯಾಟರಿ ಬೆಳಗ್ಗೆ ಸ್ಟಾರ್ಟರ್ ತಿರುಗಿಸಲು ಮುನಿಸಿಕೊಳ್ಳುತ್ತದೆ. ಆ ಭಯಕ್ಕೆ ಎಂಜಿನ್ ರಾತ್ರಿಯಿಡೀ ಸುಮ್ನೆ ಓಡುತ್ತಿರುತ್ತದೆ, ಡೀಸೆಲ್ ಹೋಗುತ್ತದೆ, ಪಕ್ಕದಲ್ಲಿ ನಿಂತ ಸಿಬ್ಬಂದಿ ಹೊಗೆ ಕುಡಿಯುತ್ತಾರೆ. ನಿಂತ ವಿಧಾನದಲ್ಲಿ ಬಾರ್ ಅರ್ಧಕ್ಕಿಂತ ಕಡಿಮೆ ಎಳೆಯುವಂತಿದ್ದರೆ, ಬ್ಯಾಟರಿ ಒಂದು ಮಟ್ಟಕ್ಕಿಂತ ಇಳಿದಾಗ ತಾನೇ ಕಡಿದುಕೊಳ್ಳುವಂತಿದ್ದರೆ ಈ ತಾಪತ್ರಯವೇ ಇರುವುದಿಲ್ಲ. ಪೊಲೀಸರ ಚೀತಾ ಗಸ್ತು ಬೈಕುಗಳಿಗಂತೂ ಇದು ಇನ್ನೂ ಮುಖ್ಯ, ಬೈಕಿನ ಬ್ಯಾಟರಿ ಎಷ್ಟು ಪುಟ್ಟದು ನೋಡಿ.

ಇಷ್ಟೆಲ್ಲ ಸರಿಮಾಡಿದರೂ ಒಂದು ಅಭ್ಯಾಸ ಎಲ್ಲವನ್ನೂ ಕೆಡಿಸಬಲ್ಲದು. ಗಾಡಿ ಸ್ಟಾರ್ಟ್ ಆದೊಡನೆ ಬಾರ್ ಆನ್, ಠಾಣೆಗೆ ಮರಳುವವರೆಗೆ ಆನ್. ಊಟಕ್ಕೆ ನಿಂತಾಗಲೂ ಆನ್. ಹಗಲಿಡೀ ಬೊಗಳುವ ನಾಯಿ ಕಳ್ಳ ಬಂದಾಗ ಬೊಗಳಿದರೆ ಯಾರು ಏಳುತ್ತಾರೆ? 2019ರ ತಿದ್ದುಪಡಿಯಲ್ಲಿ ಬಂದ ಮೋಟಾರು ವಾಹನ ಕಾಯ್ದೆಯ 194ಇ ಪ್ರಕಾರ ತುರ್ತು ವಾಹನಕ್ಕೆ ದಾರಿ ಬಿಡದಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆದರೆ ಹಿಂದೆ ಬರುತ್ತಿರುವ ಹೊಯ್ಸಳ ದಾರಿ ಕೇಳುತ್ತಿದೆಯೋ, ಸುಮ್ನೆ ಗಸ್ತು ತಿರುಗುತ್ತಿದೆಯೋ ಎಂದು ಸವಾರನಿಗೆ ತಿಳಿಯುವ ಬಗೆ ಇರಬೇಕಲ್ಲ.

ಗಸ್ತಿನಲ್ಲಿರುವಾಗ ಕಾಣಿಸಿಕೊಳ್ಳುವುದೂ ಪೊಲೀಸರ ಕೆಲಸವೇ, ಒಪ್ಪೋಣ. ರಾತ್ರಿ ಒಂಟಿಯಾಗಿ ಮನೆಗೆ ಹೋಗುವ ಹುಡುಗಿಗೆ ದೂರದ ಆ ಬಣ್ಣ ಧೈರ್ಯ ಕೊಡುತ್ತದೆ. ಅದಕ್ಕೆ ಬಾರಿನ ಎರಡು ತುದಿಯಲ್ಲಿ ಮಿನುಗದೆ ಉರಿಯುವ ಮಂದ ನೀಲಿ ಸಾಕು. ಅಮೆರಿಕದ ಹಲವು ನಗರಗಳ ಗಸ್ತು ಕಾರುಗಳಲ್ಲಿ ಈ ಪದ್ಧತಿ ಇದೆ. ಇದಕ್ಕೆ ಹೊಸ ಬಾರ್ ಕೊಳ್ಳಬೇಕಾಗಿಯೂ ಇಲ್ಲ, ಈಗಿರುವ ಅನೇಕ ಬಾರ್‌ಗಳ ಕಂಟ್ರೋಲರಿನಲ್ಲೇ ಅಂಥ ಸೌಲಭ್ಯ ಇರುತ್ತದೆ, ಯಾರೂ ಜೋಡಿಸಿರುವುದಿಲ್ಲ.

ಇನ್ನೊಂದು ಕೆಡುಕು ಪೊಲೀಸರಿಗೆ ಹೊರಗಿನದು. ರಸ್ತೆ ವಿಭಜಕದ ತುದಿಯಲ್ಲಿ, ಅಪಾರ್ಟ್‌ಮೆಂಟ್ ಗೇಟಿನ ಮೇಲೆ, ಪೆಟ್ರೋಲ್ ಬಂಕಿನ ತಿರುವಿನಲ್ಲಿ, ಹಂಪ್ ಪಕ್ಕದ ಕಂಬದಲ್ಲಿ ಅದೇ ಕೆಂಪು-ನೀಲಿ ಸೋಲಾರ್ ಮಿನುಗು. ದೂರದಿಂದ ಪೊಲೀಸ್ ಗಾಡಿ ಅಂದುಕೊಂಡು ಹತ್ತಿರ ಹೋದರೆ ಅಪಾರ್ಟ್‌ಮೆಂಟ್ ಗೇಟು. ನಾಲ್ಕು ಸಲ ಹೀಗಾದ ಮೇಲೆ ಐದನೇ ಸಲ ಯಾರು ವೇಗ ತಗ್ಗಿಸುತ್ತಾರೆ? ವಿಭಜಕ, ಹಂಪು, ತಿರುವುಗಳ ಎಚ್ಚರಿಕೆಗೆ ಹಳದಿ ಇದೆ. ಪೊಲೀಸರ ಬ್ಯಾರಿಕೇಡಿನಿಂದಲೇ ಶುರುಮಾಡಿ ಈ ಸಣ್ಣ ದೀಪಗಳನ್ನು ಹಳದಿಗೆ ಬದಲಿಸಿದರೆ ಬಾರಿನ ಬಣ್ಣಕ್ಕೆ ಬೆಲೆ ಉಳಿಯುತ್ತದೆ.

ಖರೀದಿಗೆ ಕೂತವರು ಕಾಗದದ ಜತೆ ಒಂದು ರಾತ್ರಿ ಪರೀಕ್ಷೆಯನ್ನೂ ಇಟ್ಟುಕೊಳ್ಳಬೇಕು. ಇಲಾಖೆಯ ಎಂಟಿ (ಮೋಟಾರ್ ಟ್ರಾನ್ಸ್‌ಪೋರ್ಟ್) ಸೆಕ್ಷನ್ನಿನ ಶೆಡ್ಡಿನಲ್ಲಿ ಟ್ಯೂಬ್‌ಲೈಟ್ ಕೆಳಗೆ ಉರಿಸಿ ನೋಡುವುದಲ್ಲ. ನಿಜವಾದ ಗಾಡಿಗೆ ಕಟ್ಟಿ, ಜನ ತುಂಬಿಸಿ, ದೀಪವಿಲ್ಲದ ರಸ್ತೆಯಲ್ಲಿ ನಿಲ್ಲಿಸಿ. ಹದಿನೈದು ಮೀಟರ್ ದೂರದಲ್ಲಿ ಸುತ್ತ ನಡೆದು ಎಲ್ಲಿ ಬೆಳಕು ಸೊರಗುತ್ತದೆ ಎಂದು ನೋಡಿ. ನೂರು ಮೀಟರ್ ದೂರದಿಂದ ಕಾರಿನಲ್ಲಿ ಬಂದು ನೋಡಿ. ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಅದೇ ಪರೀಕ್ಷೆ ಮತ್ತೊಮ್ಮೆ. ನೋಡುವವರಲ್ಲಿ ಒಬ್ಬರಾದರೂ ರಾತ್ರಿ ಪಾಳಿಯ ಡ್ರೈವರ್ ಇರಲಿ, ಒಬ್ಬರಾದರೂ ಕನ್ನಡಕ ಹಾಕುವ ವಯಸ್ಸಾದವರು ಇರಲಿ. ವಯಸ್ಸಾದ ಕಣ್ಣಿಗೆ ಕೋರೈಸುವಿಕೆ ಜಾಸ್ತಿ, ಅದು ಸುಧಾರಿಸಿಕೊಳ್ಳಲು ಹೊತ್ತೂ ಜಾಸ್ತಿ.

ನೀರಿನ ವಿಷಯದಲ್ಲಿ ಐಪಿ65 ಎಂದರೆ ನೀರಿನ ಚಿಮ್ಮು ತಡೆಯುತ್ತದೆ, ಐಪಿ67 ಎಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ಮುಳುಗಿದ್ದರೂ ತಡೆಯುತ್ತದೆ. ಮಲೆನಾಡು, ಕರಾವಳಿಗೆ ಎರಡನೆಯದನ್ನೇ ಕೇಳಿ. ಆದರೆ ನೀರು ಹೆಚ್ಚಾಗಿ ಬರುವುದು ಬಾರಿನೊಳಗಿಂದಲ್ಲ, ತಂತಿ ಇಳಿಸಲು ತಗಡಿಗೆ ಕೊರೆದ ತೂತಿನಿಂದ. ಅಲ್ಲಿ ಹಚ್ಚಿದ ಸಿಲಿಕೋನ್ ಒಂದು ಬೇಸಿಗೆಗೆ ಬಿರಿದು, ಮೊದಲ ಮಳೆಗೆ ಡ್ರೈವರ್ ತೊಡೆ ಮೇಲೆ ತೊಟ್ಟಿಕ್ಕುತ್ತದೆ.

ಕೊನೆಗೆ ರಿಪೇರಿ. ಎಲ್‌ಇಡಿ ಬಾರ್ ಒಟ್ಟಿಗೆ ಕೆಡುವುದು ಕಡಿಮೆ. ಮೊದಲು ಒಂದು ಮಾಡ್ಯೂಲ್ ಹೋಗುತ್ತದೆ, ಆರು ತಿಂಗಳಿಗೆ ಇನ್ನೊಂದು. ಉಳಿದವು ಮಿನುಗುತ್ತಲೇ ಇರುವುದರಿಂದ ಒಳಗೆ ಕೂತವರಿಗೆ ಗೊತ್ತಾಗುವುದಿಲ್ಲ. ಎಡಗಡೆಯ ಮೂಲೆ ಪೂರ್ತಿ ಕತ್ತಲಾಗಿರುವ ಗಾಡಿ ತಿಂಗಳುಗಟ್ಟಲೆ ಸಿಗ್ನಲ್ ಜಿಗಿಯುತ್ತಿರುತ್ತದೆ. ವಾರಕ್ಕೊಮ್ಮೆ ಟೈರ್ ಗಾಳಿ ನೋಡುವಾಗ ಒಬ್ಬರು ಸುತ್ತು ಬಂದು ಬಾರನ್ನೂ ನೋಡಿ ಲಾಗ್‌ಬುಕ್‌ನಲ್ಲಿ ಬರೆಯಬೇಕು. ಒಂದು ಮಾಡ್ಯೂಲನ್ನು ನಾಲ್ಕು ಸ್ಕ್ರೂ ಬಿಚ್ಚಿ ಬದಲಿಸುವಂತಿರಬೇಕು. ಐದು ವರ್ಷ ಬಿಡಿಭಾಗ ಕೊಡುತ್ತೇವೆ ಎಂಬ ಸಾಲು, ಒಂದೊಂದರ ದರದ ಸಮೇತ, ಒಪ್ಪಂದದಲ್ಲೇ ಇರಬೇಕು. ಆ ಸಾಲಿಲ್ಲದ ಅಗ್ಗದ ಬಾರಿನಲ್ಲಿ ಒಂದು ಮಾಡ್ಯೂಲ್ ಹೋದರೆ ಪೂರ್ತಿ ಬಾರನ್ನೇ ಹೊಸದಾಗಿ ಕೊಳ್ಳಬೇಕು, ಅಥವಾ ಟೆಂಡರ್ ಮತ್ತೆ ಕರೆಯುವವರೆಗೆ ಅದೇ ಒಕ್ಕಣ್ಣಿನ ಗಾಡಿ ಓಡಿಸಬೇಕು.